ಕೋಸಂಬರಿಗೆ ಎಲೆಯ ಮೂಲೆಯೇ ಏಕೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನಲವತ್ತಕ್ಕೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಾರೆ. ವೈದ್ಯರು ಸಲಾಡ್ ತಿನ್ನಲು ಹೇಳಿದರೆಂದು ಅದಕ್ಕೊಂದು ಡ್ರೆಸ್ಸಿಂಗ್ ಸೀಸೆಯನ್ನೂ ಕೊಳ್ಳುತ್ತಾರಂತೆ. ಸೀಸೆಯ ಹಿಂಬದಿಯನ್ನೊಮ್ಮೆ ಓದಿ ನೋಡಿ. ಬಹುತೇಕ ಎಣ್ಣೆ, ಸಕ್ಕರೆ, ಉಪ್ಪು!

ಹೊನ್ನೂರಿನಲ್ಲಿ ರಾಮನವಮಿಗೆ ಪಾನಕದೊಡನೆ ಹಂಚುವ ಕೋಸಂಬರಿ ಸಲಾಡ್ ಅಲ್ಲದೆ ಮತ್ತೇನು? ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ನೀರು ಬಸಿದು, ಹೆಚ್ಚಿದ ಎಳೆ ಸೌತೆಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಕೂಡಿಸಿ. ನಿಂಬೆರಸ, ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ–ಇಂಗಿನ ಒಗ್ಗರಣೆ: ಇದೇ ನಮ್ಮ ಡ್ರೆಸ್ಸಿಂಗು. (ತೆಂಗಿನ ತುರಿ ನಿಮ್ಮಿಷ್ಟ, ನನಗಂತೂ ಅದು ಬೇಕೇ ಬೇಕು.) ಉಪ್ಪನ್ನು ಬಡಿಸುವಾಗ ಮಾತ್ರ ಬೆರೆಸಿ, ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತದೆ.

ಇಂಥದ್ದನ್ನು ನಾವು ಎಲೆಯ ತುದಿಗೆ ಒಂದು ಚಮಚ ಬಡಿಸಿ, ನಡುವೆ ಅನ್ನದ ಗುಡ್ಡೆ ಹಾಕುತ್ತೇವೆ. ಅನ್ನವನ್ನು ಬಿಡಿರೆಂದು ನಾನು ಹೇಳಲಾರೆ. ಎರಡರ ಜಾಗವನ್ನಷ್ಟೇ ಅದಲುಬದಲು ಮಾಡಿ.