ಕಪಾಟಿನ ಬೀಗ ತೆಗೆಸಿದ ಗಣಿತದ ಮೇಷ್ಟ್ರು

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಕಾಲೇಜು ಲೈಬ್ರರಿಯಲ್ಲಿ ನನಗೆ ಬೇಕಾದ ಒಂದು ಪುಸ್ತಕ ಕಣ್ಣಿಗೆ ಬಿತ್ತು. ಗಾಜಿನ ಬೀರು, ಅದಕ್ಕೊಂದು ಬೀಗ. ಕೇಳಿದ್ರೆ, 'ರೆಫರೆನ್ಸ್ ಕಾಪಿ, ಹೊರಗೆ ಕೊಡಲ್ಲ' ಅಂದ್ರು. 'ಇಲ್ಲೇ ಕೂತು ಓದ್ತೀನಿ ಸರ್' ಅಂದೆ. 'ಕೀ ಇಟ್ಕೊಂಡಿರೋರು ಇವತ್ತು ರಜ' ಅನ್ನೋ ಉತ್ತರ ಬಂತು. ಡಿಗ್ರಿ ಮುಗಿಯೋವರೆಗೂ ಆ ಪುಸ್ತಕದ ಬೆನ್ನು ಮಾತ್ರ ನೋಡಿದ್ದೆ.

ಇದು ಮತ್ತೆ ನೆನಪಾಗಿದ್ದು ಆಫೀಸಿನಲ್ಲಿ. ಶಾಪಿಂಗ್ ಆ್ಯಪ್ ಒಂದಕ್ಕೆ ಫಿಲ್ಟರ್ ಬರೀತಿದ್ದೆ. ಬಣ್ಣ, ಸೈಜು, ಬೆಲೆ, ಬ್ರ್ಯಾಂಡ್ ಅಂತ ಒಂದೊಂದಾಗಿ ಆರಿಸ್ತಾ ಹೋದ್ರೆ ಬೇಕಾದ ಶರ್ಟ್ ಸಿಗುತ್ತಲ್ಲ, ಅದು. ಪಕ್ಕದಲ್ಲಿದ್ದ ಸೀನಿಯರ್, 'ಇದನ್ನ ಪುಸ್ತಕಗಳಿಗೆ ಮಾಡಿದವರು ನಮ್ಮ ಬೆಂಗಳೂರಲ್ಲೇ ಇದ್ರು ಕಣೋ, ರಂಗನಾಥನ್ ಅಂತ' ಅಂದ್ರು. ಹೆಸರು ಕೇಳಿರಲಿಲ್ಲ. ನಾಚಿಕೆಯಾಗಿ ಓದೋಕೆ ಶುರುಮಾಡಿದೆ.

ಶೀಯಾಳಿ ರಾಮಾಮೃತ ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಮಿಳುನಾಡಿನ ಶೀಯಾಳಿಯಲ್ಲಿ. ಓದಿದ್ದು ಗಣಿತ. ಮಾತಾಡುವಾಗ ತೊದಲುತ್ತಿದ್ದರೂ ಮೇಷ್ಟ್ರಾದರು. ನಮ್ಮ ಮಂಗಳೂರಿನಲ್ಲೂ ಪಾಠ ಹೇಳಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಮೊದಲ ಗ್ರಂಥಪಾಲಕರಾಗಿ ಹೋದಾಗ ಅವರಿಗೆ ಆ ಕೆಲಸದಲ್ಲಿ ಒಂದಿಷ್ಟೂ ಮನಸ್ಸಿರಲಿಲ್ಲ. ಕೆಲವೇ ದಿನಕ್ಕೆ ಬೇಜಾರಾಗಿ, ಹಳೇ ಕಾಲೇಜಿಗೆ ಹೋಗಿ 'ನನ್ನ ಪಾಠದ ಕೆಲಸ ವಾಪಸ್ ಕೊಡಿ' ಅಂತ ಕೇಳಿದರು. ಮೊದಲು ಲಂಡನ್‌ಗೆ ಹೋಗಿ ಗ್ರಂಥಾಲಯ ವಿಜ್ಞಾನ ಓದಿ ಬನ್ನಿ, ಆಮೇಲೂ ಬೇಡ ಅನ್ನಿಸಿದ್ರೆ ನೋಡೋಣ ಅಂತ ಒಪ್ಪಂದವಾಯ್ತು.

ಅಲ್ಲಿ ಅವರು ನೋಡಿದ್ದು, ಊರಿನ ಯಾರು ಬೇಕಾದ್ರೂ ಒಳಗೆ ಬಂದು ಓದಬಹುದಾದ ಲೈಬ್ರರಿಗಳನ್ನ. ಅಂಗಡಿಯೊಂದರಲ್ಲಿ ಮೆಕಾನೊ ಆಟಿಕೆಯನ್ನೂ ನೋಡಿದರು. ಅದೇ ನಾಲ್ಕು ಪಟ್ಟಿ, ನಟ್ಟು, ಬೋಲ್ಟು. ಬೇರೆ ಬೇರೆ ಥರ ಜೋಡಿಸಿದ್ರೆ ಬೇರೆ ಬೇರೆ ಬೊಂಬೆ. ಪುಸ್ತಕದ ವಿಷಯವನ್ನೂ ಹೀಗೆ ಬಿಡಿಸಿ ಜೋಡಿಸಬಹುದಲ್ಲ ಅಂತ ಹೊಳೀತು. 'ಐವತ್ತರ ದಶಕದ ಮಂಡ್ಯದಲ್ಲಿ ಭತ್ತದ ರೋಗದ ಹತೋಟಿ' ಅನ್ನೋ ಪುಸ್ತಕ ಇದೆ ಅಂದುಕೊಳ್ಳಿ. ಬೆಳೆ, ರೋಗ, ಹತೋಟಿ, ಜಾಗ, ಕಾಲ ಅಂತ ಬಿಡಿಸಿ, ಒಂದೊಂದಕ್ಕೂ ಗುರುತು ಕೊಟ್ಟು, ನಡುವೆ ಕೋಲನ್ ಹಾಕಿ ಕೂಡಿಸೋದು. 1933ರಲ್ಲಿ ಬಂದ 'ಕೋಲನ್ ವರ್ಗೀಕರಣ'ದ ಮೂಲ ಉಪಾಯ ಇದೇ. ನನ್ನ ಫಿಲ್ಟರ್‌ನ ಅಜ್ಜ!

ಆದ್ರೆ ನನಗೆ ಅದಕ್ಕಿಂತ ದೊಡ್ಡದು ಅನ್ನಿಸಿದ್ದು 1931ರಲ್ಲಿ ಅವರು ಹೇಳಿದ ಐದು ಸೂತ್ರಗಳು. ನನ್ನ ಮಾತಲ್ಲಿ ಹೇಳೋದಾದ್ರೆ: ಪುಸ್ತಕ ಇರೋದು ಬಳಸೋಕೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದೋರ ಟೈಮ್ ಉಳಿಸಬೇಕು. ಲೈಬ್ರರಿ ಬೆಳೆಯುತ್ತಲೇ ಇರಬೇಕು.

ಓದಿದರೆ 'ಇದೇನು ಮಹಾ' ಅನ್ನಿಸುತ್ತೆ. ನನಗೂ ಅನ್ನಿಸ್ತು. ಆಮೇಲೆ ಆ ಗಾಜಿನ ಬೀರು ನೆನಪಾಯ್ತು. ಪುಸ್ತಕವನ್ನ ಜೋಪಾನ ಮಾಡೋದೇ ಲೈಬ್ರರಿ ಕೆಲಸ ಅಂದುಕೊಂಡರೆ ಬೀಗ ಸರಿ. ಓದಿಸೋದು ಕೆಲಸ ಅಂದುಕೊಂಡರೆ ಅದೇ ಬೀಗ ತಪ್ಪು. ರಂಗನಾಥನ್ ಮದರಾಸಿನಲ್ಲಿ ಓದುಗರೇ ಕಪಾಟಿನ ಹತ್ತಿರ ಹೋಗಿ ಪುಸ್ತಕ ತೆಗೆದುಕೊಳ್ಳೋ ಹಾಗೆ ಮಾಡಿದರು.

ಒಳ್ಳೇ ಮನಸ್ಸಿದ್ದರೆ ಸಾಲದು, ಲೈಬ್ರರಿಗೆ ಕಾನೂನು ಮತ್ತು ದುಡ್ಡು ಎರಡೂ ಬೇಕು ಅಂತ ಅವರು ದಶಕಗಟ್ಟಲೆ ಹಟ ಹಿಡಿದರು. 1948ರಲ್ಲಿ ಮದರಾಸಿನ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಗೆ ಡಿಆರ್‌ಟಿಸಿ ಕಟ್ಟಿದರು. ನಮ್ಮ ರಾಜ್ಯದ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಅಷ್ಟರಲ್ಲಿ ಕೂಡಿಟ್ಟ ಒಂದು ಲಕ್ಷ ರೂಪಾಯಿಯನ್ನ ಹೆಂಡತಿ ಶಾರದಾ ಹೆಸರಿನಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟಾಗಿತ್ತು, ಒಂದು ಪ್ರಾಧ್ಯಾಪಕ ಪೀಠಕ್ಕೆ ಅಂತ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ನೆನಪಿಗೆ ಆಗಸ್ಟ್ 12 ಗ್ರಂಥಪಾಲಕರ ದಿನ.

ಇದೆಲ್ಲ ಓದಿದ ಮೇಲೆ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿದೆ. 'ಗ್ರಂಥಾಲಯ ಕರ' ಅಂತ ಒಂದು ಸಾಲು. ಅಪ್ಪ ವರ್ಷಾ ವರ್ಷಾ ಕಟ್ಟಿದ್ದಾರೆ. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರೋ ಶಾಖಾ ಗ್ರಂಥಾಲಯಕ್ಕೆ ನಾನು ಒಂದು ಸಲವೂ ಹೋಗಿರಲಿಲ್ಲ.

ಕಳೆದ ಶನಿವಾರ ಹೋದೆ. ಪೇಪರ್ ಓದ್ತಿದ್ದ ನಾಲ್ಕು ಜನ ಹಿರಿಯರು, ಪರೀಕ್ಷೆಗೆ ಓದ್ತಿದ್ದ ಒಬ್ಬ ಹುಡುಗಿ. ಬೀರುಗಳಿಗೆ ಬೀಗ ಇರಲಿಲ್ಲ. 'ಏನು ಬೇಕಿತ್ತು?' ಅಂತ ಕೇಳಿದ ಮೇಡಂಗೆ ಏನು ಹೇಳಬೇಕೋ ತಿಳೀಲಿಲ್ಲ. 'ಸುಮ್ನೆ ನೋಡ್ತೀನಿ ಮೇಡಂ' ಅಂದೆ. 'ನೋಡಿ, ನೋಡಿ. ನಿಮ್ಮ ವಯಸ್ಸಿನೋರು ಬರೋದೇ ಇಲ್ಲ' ಅಂತ ಅವರೇ ಎದ್ದು ಲೈಟ್ ಹಾಕಿದರು.

ಮೆಂಬರ್‌ಶಿಪ್ ಫಾರಂ ತಂದಿದ್ದೀನಿ. ನಿಮ್ಮ ಏರಿಯಾದ ಲೈಬ್ರರಿ ಎಲ್ಲಿದೆ ಅಂತ ನಿಮಗೆ ಗೊತ್ತಾ?