ಜೀಪಿಗಿರುವ ಕಾಡುದಾರಿ ಸೈಕಲ್ಲಿಗೆ ಏಕಿಲ್ಲ?

ಕಳೆದ ಚಳಿಗಾಲದ ಒಂದು ಶನಿವಾರ ನಾನೂ ನನ್ನ ಹಾಸ್ಟೆಲ್ ಗೆಳೆಯನೂ ಮಲೆನಾಡಿನ ಒಂದು ಅರಣ್ಯ ಚೆಕ್‌ಪೋಸ್ಟ್ ತನಕ ಹೋಗಿ ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದೆವು. ಅವನು ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಗ್ರಾವೆಲ್ ಬೈಕ್ ಕೊಂಡಿದ್ದ. ನನ್ನದು ಅಣ್ಣ ಬಿಟ್ಟುಹೋದ ಹಳೇ ಸೈಕಲ್. ಗೇಟಿನಲ್ಲಿದ್ದ ಹಿರಿಯ ವಾಚರ್, ‘ಸೈಕಲ್ ಬಿಡಂಗಿಲ್ಲ ಕಣ್ರಪ್ಪಾ, ಆರ್ಡರ್ ಇಲ್ಲ’ ಎಂದರು. ನಾವು ಇನ್ನೂ ಗೋಗರೆಯುತ್ತಿರುವಾಗಲೇ ಎರಡು ಬಾಡಿಗೆ ಜೀಪುಗಳು ಬಂದವು. ಒಂದೊಂದರಲ್ಲಿ ಎಂಟೊಂಬತ್ತು ಜನ, ಜೋರಾಗಿ ಹಾಡು, ಹಿಂದೆ ಕಪ್ಪು ಹೊಗೆ. ಚೀಟಿ ತೋರಿಸಿದರು, ಗೇಟು ಎದ್ದಿತು, ಹೋದರು. ದೂಳು ನಮ್ಮ ಮೇಲೆ ಕೂತಿತು.

ಅವತ್ತು ಬಂದ ಸಿಟ್ಟಿನಲ್ಲೇ ಈ ಲೇಖನ ಬರೆದಿದ್ದರೆ ಅದು ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಆಮೇಲೆ ವಿಷಯ ಕೆದಕುತ್ತಾ ಹೋದಂತೆ ಆ ವಾಚರ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ ಅನಿಸತೊಡಗಿತು. ಉಳಿದರ್ಧದ ಬಗ್ಗೆ ಜಗಳ ಇನ್ನೂ ಇದೆ.

ಗೊತ್ತಿಲ್ಲದವರಿಗೆ ಒಂದು ಮಾತು. ರೋಡ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಅದಕ್ಕಿಂತ ದಪ್ಪ ಟಯರು, ಜಲ್ಲಿ-ಮಣ್ಣಿನ ದಾರಿಯಲ್ಲಿ ದಿನಗಟ್ಟಲೆ ಓಡಿಸಬಹುದಾದ ಗಟ್ಟಿತನ ಇರುವುದು ಗ್ರಾವೆಲ್ ಬೈಕ್. ಅಮೆರಿಕದ ಕ್ಯಾನ್ಸಾಸ್‌ನ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ 2006ರಲ್ಲಿ 34 ಜನ ಸೇರಿ ಶುರುಮಾಡಿದ ಓಟಕ್ಕೆ ಈಗ ಸಾವಿರಾರು ಜನ ಬರುತ್ತಾರೆ. 2022ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನೂ ನಡೆಸಿತು. ಈ ಕ್ರೇಜಿನ ಹಿಂದೆ ಇರುವುದು ಒಂದೇ ಆಸೆ: ಕಾರು, ಲಾರಿ, ಹಾರನ್ ಇಲ್ಲದ ದಾರಿ. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿ ಭಾನುವಾರ ವಾಹನ ನಿಲ್ಲಿಸಿದಾಗ ಮಕ್ಕಳು ಸೈಕಲ್ ಹತ್ತಿ ಹೇಗೆ ತುಂಬಿಕೊಳ್ಳುತ್ತಾರೆ ಎಂದು ನೋಡಿದವರಿಗೆ ಅದು ಅರ್ಥವಾಗುತ್ತದೆ.

ಇನ್ನು ಕಾನೂನಿನ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಕರ್ತವ್ಯದ ಮೇಲಿರುವ ನೌಕರರು, ಅಲ್ಲೇ ಇರಲು ಅನುಮತಿ ಪಡೆದವರು, ಒಳಗೆ ಜಮೀನಿನ ಹಕ್ಕಿರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಂಥ ಕೆಲವರನ್ನು ಬಿಟ್ಟು ಬೇರೆ ಯಾರೂ ಪರ್ಮಿಟ್ ಇಲ್ಲದೆ ಹೋಗುವಂತಿಲ್ಲ. 28ನೇ ಸೆಕ್ಷನ್ ಪರ್ಮಿಟ್ ಯಾವುದಕ್ಕೆ ಕೊಡಬಹುದು ಎಂದು ಹೇಳುತ್ತದೆ: ಅಧ್ಯಯನ, ಫೋಟೊ, ಪ್ರವಾಸೋದ್ಯಮ ಹೀಗೆ. ಅಂದರೆ ಕಾಯ್ದೆ ಸೈಕಲ್ಲನ್ನು ಹೆಸರು ಹಿಡಿದು ತಡೆಯುವುದಿಲ್ಲ, ಜೀಪನ್ನು ಹೆಸರು ಹಿಡಿದು ಕರೆಯುವುದೂ ಇಲ್ಲ. ಜೀಪಿಗೆ ಆರ್ಡರ್ ಇದೆ, ಸೈಕಲ್ಲಿಗೆ ಇಲ್ಲ, ಅಷ್ಟೇ. ಜೀಪಿನವರಿಗೆ ಸಂಘ ಇದೆ, ಕೇಳುವವರು ಇದ್ದಾರೆ.

ಆದರೆ ಇಷ್ಟಕ್ಕೇ ವಾದ ಗೆದ್ದೆ ಅಂದುಕೊಳ್ಳುವಂತಿಲ್ಲ. ಸೈಕಲ್ಲಿನ ದೊಡ್ಡ ಗುಣ ಯಾವುದು? ಸದ್ದಿಲ್ಲದೆ, ಬೇಗ ಹೋಗುವುದು. ಕಾಡಿನಲ್ಲಿ ಅದೇ ಅದರ ದೊಡ್ಡ ದೋಷ. 2016ರ ಜೂನ್‌ನಲ್ಲಿ ಅಮೆರಿಕದ ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದ ಹತ್ತಿರದ ಕಾಡುದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದ ಒಬ್ಬರು ತಿರುವಿನಲ್ಲಿ ನೇರವಾಗಿ ಗ್ರಿಜ್ಲಿ ಕರಡಿಗೇ ಡಿಕ್ಕಿ ಹೊಡೆದರು. ಕರಡಿ ಅವರನ್ನು ಕೊಂದುಹಾಕಿತು. ಆ ಮನುಷ್ಯ ಕಾಡು ಗೊತ್ತಿಲ್ಲದ ಪ್ರವಾಸಿಯಲ್ಲ, ಅರಣ್ಯ ಸೇವೆಯ ಅಧಿಕಾರಿಯೇ. ತನಿಖೆ ಮಾಡಿದವರು ಹೇಳಿದ್ದೂ ಅದನ್ನೇ: ವೇಗ, ನಿಶ್ಶಬ್ದ, ಮುಂದಿನದು ಕಾಣದ ತಿರುವು ಮೂರೂ ಸೇರಿದರೆ ಪ್ರಾಣಿಗೂ ಮನುಷ್ಯನಿಗೂ ಹಿಂದೆ ಸರಿಯಲು ಸಮಯವೇ ಸಿಗುವುದಿಲ್ಲ.

ಈಗ ನಮ್ಮ ಕಾಡನ್ನು ನೆನಪಿಸಿಕೊಳ್ಳಿ. 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಅಂದಾಜಿನಂತೆ ದೇಶದಲ್ಲೇ ಅತಿ ಹೆಚ್ಚು ಆನೆಗಳು ಇರುವುದು ಕರ್ನಾಟಕದಲ್ಲಿ, 6,013. 2022ರ ಗಣತಿಯಲ್ಲಿ ಹುಲಿಗಳು 563. ಬಿದಿರುಮೆಳೆಯ ತಿರುವಿನಲ್ಲಿ ಮರಿಯಾನೆ ನಿಂತಿರುವಾಗ ಗಂಟೆಗೆ ಮೂವತ್ತು ಕಿ.ಮೀ. ವೇಗದಲ್ಲಿ ಇಳಿಯುವ ಸೈಕಲ್ ಸವಾರನ ಗತಿ ಏನು? ಬಂಡೀಪುರ, ನಾಗರಹೊಳೆಯ ಒಳಗೆ ಸೈಕಲ್ ಬಿಡಿ ಎಂದು ನಾನಂತೂ ಕೇಳಲಾರೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಿರುವುದು ಪ್ರಾಣಿಗಳಿಗೆ ಒಂಬತ್ತು ಗಂಟೆಯಾದರೂ ಅವುಗಳ ದಾರಿ ಅವುಗಳಿಗೇ ಇರಲಿ ಎಂದು. ಆ ನಿಷೇಧ ತೆಗೆಯಿರಿ ಎಂಬ ಒತ್ತಡ ವರ್ಷಕ್ಕೊಮ್ಮೆಯಾದರೂ ಏಳುತ್ತದೆ. ಅಂಥದ್ದರಲ್ಲಿ ನಾವು ಇನ್ನೊಂದು ಬಾಗಿಲು ತಟ್ಟುವುದು ಸರಿಯಲ್ಲ.

ಹಾಗಾದರೆ ಎಲ್ಲೂ ಬೇಡವೇ? ಹೊರಗೆ ಬೇರೆ ರೀತಿ ಯೋಚಿಸಿದವರಿದ್ದಾರೆ. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ಉದ್ಯಾನ ಸುಮಾರು 29 ಚದರ ಕಿ.ಮೀ.ನಷ್ಟು ಚಿಕ್ಕದು, ಬೆಟ್ಟವಲ್ಲ, ಜೌಗು. ಅಲ್ಲಿ ಒಳಗೆ ಬಾಡಿಗೆ ಸೈಕಲ್ಲಿನಲ್ಲಿ, ಇಲ್ಲವೇ ರಿಕ್ಷಾದಲ್ಲಿ ತಿರುಗಬಹುದು. ರಿಕ್ಷಾ ತುಳಿಯುವವರಿಗೆ ಹಕ್ಕಿ ಗುರುತಿಸುವ ತರಬೇತಿ ಕೊಟ್ಟು ಪರವಾನಗಿ ಕೊಟ್ಟಿದ್ದಾರೆ. ಹೆಚ್ಚು ಓದದ ರಿಕ್ಷಾದವರೊಬ್ಬರು ವಿದೇಶಿ ಪ್ರವಾಸಿಗೆ ಹಕ್ಕಿಗಳ ಇಂಗ್ಲಿಷ್ ಹೆಸರನ್ನು ಪಟಪಟನೆ ಹೇಳುವುದು ಅಲ್ಲಿ ದಿನನಿತ್ಯದ ದೃಶ್ಯ. ಕೆನ್ಯಾದ ನೈವಾಶಾ ಸರೋವರದ ಹತ್ತಿರ ಹೆಲ್ಸ್ ಗೇಟ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಜೀಬ್ರಾ, ಜಿರಾಫೆಗಳ ನಡುವೆ ಸೈಕಲ್ ತುಳಿಯಬಹುದು, ನಡೆಯಲೂಬಹುದು. ಅದು ಸಿಂಹ, ಆನೆಗಳ ನೆಲೆಯಲ್ಲವಾದ್ದರಿಂದಲೇ ಈ ಸಡಿಲಿಕೆ. ಅದೇ ದೇಶದ ಸಿಂಹಗಳಿರುವ ಉದ್ಯಾನಗಳಲ್ಲಿ ವಾಹನದಿಂದ ಇಳಿಯುವಂತಿಲ್ಲ. ಗೇಟಿನ ಬಳಿ ಸೈಕಲ್ ಬಾಡಿಗೆ ಕೊಡುವುದು ಅಲ್ಲಿನ ಯುವಕರ ದುಡಿಮೆ. ಒಂದು ಇಲಾಖೆ ಎಲ್ಲ ಕಾಡಿಗೂ ಒಂದೇ ಬೀಗ ಹಾಕಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಇನ್ನೊಂದು ಕತೆ ತಮಾಷೆಯಾಗಿದೆ. ಅಮೆರಿಕದ ಮೇನ್ ರಾಜ್ಯದ ಅಕೇಡಿಯಾ ರಾಷ್ಟ್ರೀಯ ಉದ್ಯಾನದಲ್ಲಿ ಮೋಟಾರು ವಾಹನ ಕಾಲಿಡದ ಸುಮಾರು 72 ಕಿ.ಮೀ. ಜಲ್ಲಿ ರಸ್ತೆ ಇದೆ. 1913ರಿಂದ 1940ರ ನಡುವೆ ಅದನ್ನು ಕಟ್ಟಿಸಿದವರು ಜಾನ್ ಡಿ. ರಾಕ್‌ಫೆಲರ್ ಜೂನಿಯರ್. ಅಪ್ಪ ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಮಾಡಿದ ಆಸ್ತಿಯಿಂದ ಮಗ ಕಾರುಗಳೇ ಬಾರದ ಕುದುರೆಗಾಡಿ ದಾರಿ ಮಾಡಿಸಿದ! ಇವತ್ತು ಅದರ ಮೇಲೆ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ನಾನು ಗಮನಿಸಿದ್ದು ಬೇರೆ: ಪದರಪದರವಾಗಿ ಕಲ್ಲು ಹಾಸಿ, ಪಕ್ಕಕ್ಕೆ ಚರಂಡಿ ಬಿಟ್ಟು, ಕಲ್ಲಿನ ಮೋರಿ ಕಟ್ಟಿದ ಆ ರಸ್ತೆಯೂ ದಶಕಗಳ ನಿರ್ಲಕ್ಷ್ಯದಿಂದ ಹಾಳಾಗಿ, 1990ರ ದಶಕದಲ್ಲಿ ದೊಡ್ಡ ಖರ್ಚಿನಲ್ಲಿ ದುರಸ್ತಿಯಾಗಬೇಕಾಯಿತು. ನಮ್ಮ ಮಳೆಗೆ ಕಾಡಿನ ಮಣ್ಣುದಾರಿ ಎಷ್ಟು ದಿನ ತಡೆದೀತು? ಜೂನ್‌ನಲ್ಲಿ ಟಯರು ಕೊರೆದ ಒಂದು ಗೆರೆ ಆಗಸ್ಟ್ ಹೊತ್ತಿಗೆ ಹಳ್ಳವಾಗಿರುತ್ತದೆ. ಮಳೆಗಾಲದಲ್ಲಿ ಮುಚ್ಚುವುದು, ವರ್ಷವರ್ಷವೂ ಚರಂಡಿ ತೆಗೆಸುವುದು ಇಲ್ಲದೆ ‘ಇಕೊ ಟೂರಿಸಂ’ ಎಂಬ ಬೋರ್ಡು ಹಾಕುವುದು ಬರೀ ಬೋರ್ಡು.

ಕಾಡು ತೆರೆಯುವುದು ಎಂದರೆ ನಮ್ಮಲ್ಲಿ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆಯಂತೆ ಹತ್ತಿದ ವಿಡಿಯೊ ನೀವೂ ನೋಡಿರುತ್ತೀರಿ. ಸರ್ಕಾರ ಚಾರಣವನ್ನೇ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಯೊಂದಿಗೆ ಮತ್ತೆ ಬಿಟ್ಟಿತು. ಬೆಂಗಳೂರಿನ ತುರಹಳ್ಳಿ ಕಾಡಿನದ್ದು ಇನ್ನೊಂದು ಬಗೆ. ಸೈಕಲ್ ಹುಡುಗರು, ಹಕ್ಕಿ ನೋಡುವವರು ಸುತ್ತಾಡುವ ಅಲ್ಲಿಗೆ ‘ಟ್ರೀ ಪಾರ್ಕ್’ ತರಲು ಹೊರಟಾಗ, 2021ರ ಫೆಬ್ರುವರಿಯಲ್ಲಿ ಜನ ಬೀದಿಗಿಳಿದು, ಕಾಡು ಕಾಡಾಗಿಯೇ ಇರಲಿ ಎಂದರು. ಯೋಜನೆ ಕೈಬಿಡಲಾಯಿತು. ದಾರಿ ಕೇಳಿದರೆ ಕಲ್ಲುಬೆಂಚು, ಕಾಂಕ್ರೀಟು, ಕ್ಯಾಂಟೀನು ಕೊಡುವ ವ್ಯವಸ್ಥೆ ನಮ್ಮದು. ಕೇಳುವ ಮೊದಲು ಇದು ನೆನಪಿರಬೇಕು.

ಇನ್ನೂ ಒಂದು ಮಾತನ್ನು ನುಂಗಿಕೊಳ್ಳಲು ಆಗುತ್ತಿಲ್ಲ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿ ಕರಡಿಕಲ್ಲಿಗೆ ಮರಳಿ ಗುಡಿಸಲು ಕಟ್ಟಿಕೊಂಡು, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳಿದವು. ಕಾಡಿನಲ್ಲೇ ಹುಟ್ಟಿದವರು ಕಾಡಿಗೆ ಕಾಲಿಡಲು ಹೋರಾಡಬೇಕಿರುವಾಗ, ಪೇಟೆಯಿಂದ ದುಬಾರಿ ಸೈಕಲ್ ತರುವ ನಮಗೆ ದಾರಿ ಬೇಕು ಎನ್ನುವುದು ಹೇಗೆ ಕೇಳಿಸುತ್ತದೆ? ನನ್ನ ಗೆಳೆಯನಿಗೆ ಈ ಪ್ರಶ್ನೆ ಇಷ್ಟವಾಗಲಿಲ್ಲ. ‘ಹಂಗಾದ್ರೆ ಜೀಪಿನವರಿಗೆ ಯಾಕೆ ಕೇಳಲ್ಲ ಇದನ್ನ?’ ಎಂದ. ಅದೂ ಸರಿಯೇ.

ಕೆಲಸದ ಲೆಕ್ಕ ಹಾಕಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಿದರು. ಆ ನಿರ್ಧಾರದ ಸರಿತಪ್ಪು ಬೇರೆ. ಆದರೆ ಸಫಾರಿಯನ್ನೇ ನಂಬಿದ ಚಾಲಕ, ಗೈಡ್, ರೆಸಾರ್ಟ್ ನೌಕರರ ದುಡಿಮೆಗೆ ಒಂದೇ ದಿನದಲ್ಲಿ ಪೆಟ್ಟು ಬಿತ್ತು. ಹುಲಿ ತೋರಿಸುವ ಒಂದೇ ವ್ಯಾಪಾರದ ಮೇಲೆ ಕಾಡಂಚಿನ ಊರುಗಳನ್ನು ನಿಲ್ಲಿಸಿದರೆ ಹೀಗಾಗುತ್ತದೆ. ಕೇರಳದ ಪೆರಿಯಾರ್‌ನಲ್ಲಿ ಹಿಂದೆ ಕಾಡಿನ ತೊಗಟೆ ಕದ್ದು ಮಾರುತ್ತಿದ್ದವರನ್ನೇ ಸಮಿತಿ ಮಾಡಿ ಗೈಡ್‌ಗಳನ್ನಾಗಿಸಿದರು. ಅವರೊಡನೆ ನಡೆಯುವುದಕ್ಕೆ ಪ್ರವಾಸಿ ದುಡ್ಡು ಕೊಡುತ್ತಾನೆ, ಅವರು ಕಾಡನ್ನೂ ಕಾಯುತ್ತಾರೆ.

ನನ್ನ ಲೆಕ್ಕದಲ್ಲಿ ಆನೆ, ಹುಲಿ ಕಡಿಮೆ ಇರುವ ಕಡೆ, ಅಭಯಾರಣ್ಯದ ಹೊರಗೆ, ಆಗಲೇ ಜೀಪು ಓಡಾಡಿ ಸವೆದ ದಾರಿಯನ್ನೇ ಆರಿಸಬೇಕು. ಹೊಸದಾಗಿ ಒಂದು ಅಡಿಯೂ ಕಡಿಯಬಾರದು. ವಾರದಲ್ಲಿ ಎರಡು ದಿನ ಆ ದಾರಿಯಲ್ಲಿ ಜೀಪು ಬಂದ್, ಸೈಕಲ್ ಮಾತ್ರ. ಬಿಸಿಲು ಏರಿದ ಮೇಲೆ ಹೊರಟು ನಾಲ್ಕು ಗಂಟೆಯೊಳಗೆ ಹೊರಗೆ. ಹತ್ತು ಜನರ ಗುಂಪು, ಮುಂದೊಬ್ಬ ಹಿಂದೊಬ್ಬ ಊರಿನದೇ ಗೈಡ್, ಸೈಕಲ್ಲಿಗೆ ಗಂಟೆ ಕಡ್ಡಾಯ. ಸೈಕಲ್ ಬಾಡಿಗೆಗೂ ಸಿಗಬೇಕು, ಇಲ್ಲದಿದ್ದರೆ ಇದು ಲಕ್ಷ ರೂಪಾಯಿ ಸೈಕಲ್ ಇರುವವರ ಕ್ಲಬ್ ಆಗುತ್ತದೆ. ಯಾವ ದಾರಿ ಎಂದು ಗ್ರಾಮಸಭೆ ಹೇಳಲಿ. ಬೇಡ ಎಂದರೆ ಬೇಡ.

ವಾಪಸ್ ಬರುವ ಮುನ್ನ ಆ ವಾಚರ್ ನಮಗೆ ಕುಡಿಯಲು ನೀರು ಕೊಟ್ಟಿದ್ದರು. ಗೆಳೆಯನ ಸೈಕಲ್ಲಿನ ಬೆಲೆ ಕೇಳಿ, ಎರಡು ಸಲ ಕೇಳಿ, ನಕ್ಕರು. ಅವರ ಮಗ ಬಿ.ಎ. ಮುಗಿಸಿ ಬೆಂಗಳೂರಿನಲ್ಲಿ ಊಟ ಡೆಲಿವರಿ ಮಾಡುತ್ತಾನಂತೆ. ‘ಈ ಕಾಡಿನ ಒಂದೊಂದು ಮರಾನೂ ಗೊತ್ತು ಅವನಿಗೆ’ ಎಂದರು. ಅಷ್ಟರಲ್ಲಿ ಮತ್ತೊಂದು ಜೀಪು ಬಂತು, ಅವರು ಗೇಟು ಎತ್ತಲು ಎದ್ದು ಹೋದರು.