ಯುದ್ಧಕ್ಕೆ ಮುಂಚೆ ನಮ್ಮನ್ನೂ ಕೇಳಿ



ನಮ್ಮ ಕೇರಿಯಲ್ಲಿ ಅರ್ಜಿ ಬರೆಯದ ವಿಷಯವಿಲ್ಲ. ಬೋರ್‌ವೆಲ್ ಕೆಟ್ಟರೆ ಅರ್ಜಿ. ಸ್ಮಶಾನಕ್ಕೆ ಜಾಗ ಬೇಕಾದರೆ ಅರ್ಜಿ. ರೇಷನ್ ಕಾರ್ಡಿನಲ್ಲಿ ಅವ್ವನ ಹೆಸರು ತಪ್ಪಾದರೆ ಅರ್ಜಿ. ನಮ್ಮ ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನೆಂಬ ಒಂದೇ ತಪ್ಪಿಗೆ, ಬಿ.ಎ. ಮುಗಿಸಿ ಹಿರೇನಲ್ಲೂರಿಗೆ ವಾಪಸ್ ಬಂದ ದಿನದಿಂದ ಅವನ್ನೆಲ್ಲ ನಾನೇ ಬರೆಯುತ್ತಿದ್ದೇನೆ. ಆದರೆ ಒಂದು ಅರ್ಜಿ ಮಾತ್ರ ನನ್ನ ಟ್ರಂಕಿನಲ್ಲೇ ಉಳಿದಿದೆ. ಅದು ಯುದ್ಧ ಬೇಡವೆಂದು ನಮ್ಮ ಎಂ.ಪಿ.ಗೆ ಬರೆದದ್ದು. ಅದು ಯಾಕೆ ಅಂಚೆಡಬ್ಬಿಗೆ ಬೀಳಲಿಲ್ಲ ಎಂಬ ನಾಚಿಕೆಯ ಕಥೆಯನ್ನು ಹೇಳದೆ ಈ ಮಾತು ಶುರುವಾಗುವುದಿಲ್ಲ.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಪಕ್ಕದ ಶಿವಮೊಗ್ಗದವರೂ ಇದ್ದರು. ಆ ಸಾವಿಗೆ ನಮ್ಮ ಕೇರಿಯೂ ಅತ್ತಿತು. ಧರ್ಮ ಕೇಳಿ ಗುಂಡು ಹೊಡೆಯುವುದು ಎಂಥ ಹೇಸಿಗೆ ಎಂದು, ಜಾತಿ ಕೇಳಿ ನೀರು ಕೊಡುವ ಈ ನಾಡಿನಲ್ಲಿ ನಮಗೆ ಯಾರೂ ಕಲಿಸಬೇಕಾಗಿಲ್ಲ. ಕೊಂದವರಿಗೆ ಶಿಕ್ಷೆ ಆಗಲೇಬೇಕು, ಎರಡು ಮಾತಿಲ್ಲ. ಆದರೆ ಮರುದಿನದಿಂದ ಟಿ.ವಿ.ಯೊಳಗೆ ಕೂಗಾಡಿದವರು ಕೇಳಿದ್ದು ಕೊಲೆಗಾರರ ತಲೆಯನ್ನಲ್ಲ, ಯುದ್ಧವನ್ನು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಯುದ್ಧದ ಅಗತ್ಯವಿಲ್ಲ ಅಂದದ್ದಕ್ಕೆ ಅವರ ದೇಶಪ್ರೇಮವನ್ನೇ ತಕ್ಕಡಿಗೆ ಹಾಕಿದರು. ಯುದ್ಧ ಕೊನೆಯ ದಾರಿಯಾಗಬೇಕು ಅಂದಿದ್ದೆ ಎಂದು ಅವರು ಸ್ಪಷ್ಟನೆ ಕೊಡಬೇಕಾಯಿತು. ಒಂದು ರಾಜ್ಯದ ಮುಖ್ಯಮಂತ್ರಿಯ ಪಾಡೇ ಹೀಗಾದರೆ ಕೇರಿಯ ಹುಡುಗನ ಪಾಡೇನು?

ನನಗೆ ಗೊತ್ತಾಯಿತು. ಅರ್ಜಿ ಹಿಡಿದು ಚಾದಂಗಡಿಗೆ ಹೋದೆ. ಓದಿಸಿ ಕೇಳಿದ ಹಿರಿಯರೊಬ್ಬರು ಲೋಟ ಕೆಳಗಿಟ್ಟು ಹೇಳಿದರು: "ಏನ್ಲಾ, ಓದಿದ್ದು ಜಾಸ್ತಿ ಆಯ್ತಾ? ಇದು ದೇಶದ ವಿಷ್ಯ ಕಣ್ಲಾ, ಚರಂಡಿ ವಿಷ್ಯ ಅಲ್ಲ."

ಈ ಮಾತನ್ನು ಬಿಡಿಸಿ ನೋಡಿ ಗೆಳೆಯರೇ. ಚರಂಡಿ ನಿನ್ನದು, ದೇಶ ನಮ್ಮದು. ನೀರಿಗೆ, ಸೂರಿಗೆ, ಸ್ಮಶಾನಕ್ಕೆ ಕೈಮುಗಿದು ಅರ್ಜಿ ಕೊಡು, ಬೇಡ ಅನ್ನುವುದಿಲ್ಲ. ಆದರೆ ಯಾರ ಮೇಲೆ ಬಾಂಬು ಬೀಳಬೇಕು, ಯಾರ ಮಗ ಗಡಿಯಲ್ಲಿ ನಿಲ್ಲಬೇಕು ಎಂಬುದಕ್ಕೆ ಬಾಯಿ ಹಾಕಬೇಡ. ಊರು ಬೇರೆ, ಕೇರಿ ಬೇರೆ ಎಂದು ಗೆರೆ ಎಳೆದವರೇ ಈಗ ನಾಗರಿಕತನದಲ್ಲೂ ಗೆರೆ ಎಳೆದಿದ್ದಾರೆ. ನಮಗೆ ಕೊಟ್ಟಿರುವುದು ಅರ್ಧ ನಾಗರಿಕತನ. ಬೇಡುವ ಅರ್ಧ ನಮಗೆ, ತೀರ್ಮಾನಿಸುವ ಅರ್ಧ ಅವರಿಗೆ.

ಹತ್ತು ದಿನ ಓಡಾಡಿದೆ. ಸಿಕ್ಕಿದ್ದು ಹನ್ನೊಂದು ಸಹಿ. ಕೊನೆಯದು ಸಹಿಯಲ್ಲ, ಹೆಬ್ಬೆಟ್ಟು. ಆ ದೊಡ್ಡವ್ವ ಹೇಳಿದ್ದು ನನ್ನ ಬಿ.ಎ.ಗಿಂತ ದೊಡ್ಡ ಮಾತು: "ನನ್ ಮಗ ನಾಕು ವರ್ಸದ ಮಿಲಿಟ್ರಿಗೆ ಹೋಗವ್ನೆ. ಸೇರ್ಸ್ಕಳ್ಳೋವಾಗ ನನ್ ಹೆಬ್ಬೆಟ್ಟು ಬೇಕು ಅಂದ್ರು. ಬಾಂಬು ಹಾಕೋವಾಗ ಬ್ಯಾಡ್ವಾ ಮಗಾ?"

ಬೇಡವಂತೆ ದೊಡ್ಡವ್ವ. ನಿನ್ನ ಮಗ ಸೇರಿದ ಆ ಅಗ್ನಿಪಥವನ್ನೂ 2022ರ ಜೂನ್ 14ರಂದು ಮಂತ್ರಿಮಂಡಲ ಒಪ್ಪಿ ಘೋಷಿಸಿತು, ಪಾರ್ಲಿಮೆಂಟಿನಲ್ಲಿ ಚರ್ಚೆಯಿಲ್ಲದೆ. ನಾಲ್ಕು ವರ್ಷ ದುಡಿಸಿ, ನೂರಕ್ಕೆ 25 ಜನರನ್ನು ಮಾತ್ರ ಉಳಿಸಿಕೊಳ್ಳುವ ನೌಕರಿ ಅದು. ಯುದ್ಧದ ಲೆಕ್ಕವೂ ಹಾಗೆಯೇ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ, ಕೇಂದ್ರದ ಪಟ್ಟಿಯ 15ನೇ ಬಾಬತ್ತಿನಲ್ಲಿ 'ಯುದ್ಧ ಮತ್ತು ಶಾಂತಿ' ಎಂದಿದೆ. ಅದರ ಮೇಲೆ ಕಾನೂನು ಮಾಡುವ ಅಧಿಕಾರ ಪಾರ್ಲಿಮೆಂಟಿಗಿದೆ. ಆದರೆ ಯುದ್ಧಕ್ಕೆ ಇಳಿಯುವ ಮುಂಚೆ ಪಾರ್ಲಿಮೆಂಟಿನ ವೋಟು ಪಡೆಯಲೇಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ಡೆಲ್ಲಿಯ ಒಂದು ಕೋಣೆಯಲ್ಲಿ ಕೆಲವೇ ಮಂತ್ರಿಗಳು ಕೂತು ತೀರ್ಮಾನಿಸಿದರೆ ಮುಗಿಯಿತು. 2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾಯಿತು. ಪೂಂಚಿನಲ್ಲಿ ಶೆಲ್ ಬಿದ್ದು ಸತ್ತವರಲ್ಲಿ ಮಕ್ಕಳೂ ಇದ್ದರು. ಮೇ 10ಕ್ಕೆ ಕದನವಿರಾಮ. ವಿಶೇಷ ಅಧಿವೇಶನ ಕರೆಯಿರಿ ಎಂದು ವಿರೋಧ ಪಕ್ಷದವರು ಕೇಳಿದರು. ಲೋಕಸಭೆಯಲ್ಲಿ ಚರ್ಚೆ ಶುರುವಾದದ್ದು ಜುಲೈ 28ಕ್ಕೆ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಮೇ 10ರ ಸಂಜೆ ನನ್ನ ಅರ್ಜಿ ನನ್ನ ಕೈಯಲ್ಲೇ ಇತ್ತು. ಡೆಲ್ಲಿಯವರನ್ನು ಬೈಯುವುದು ಸುಲಭ. ಆದರೆ ಹನ್ನೊಂದು ಹೆಸರಿಗೆ ಹತ್ತು ದಿನ ತೆಗೆದುಕೊಂಡವನು ನಾನು. ಎಂ.ಪಿ. ಯಾರು ಎಂಬುದರಲ್ಲೇ ಮೊದಲ ದಿನ ಕಳೆಯಿತು. ಜಿಲ್ಲೆ ಚಿಕ್ಕಮಗಳೂರು, ಆದರೆ ಕಡೂರು ಸೇರಿರುವುದು ಹಾಸನ ಲೋಕಸಭಾ ಕ್ಷೇತ್ರಕ್ಕೆ. ಪಕ್ಕದ ತರೀಕೆರೆ ಉಡುಪಿ-ಚಿಕ್ಕಮಗಳೂರಿಗೆ. ವೋಟು ಹಾಕುವಾಗ ಗೊತ್ತಿದ್ದದ್ದು ಕಾಗದ ಬರೆಯುವಾಗ ಮರೆತುಹೋಗಿತ್ತು. ಯಾಕೆಂದರೆ ವೋಟು ಹಾಕಿದ ಮೇಲೆ ಅವರೊಂದಿಗೆ ಮಾತಾಡುವುದು ನಮಗೆ ರೂಢಿಯೇ ಇಲ್ಲ.

ನಮ್ಮ ಸೀಮೆಗೆ ಯುದ್ಧ ಹೊಸದಲ್ಲ. ಅಜ್ಜಂಪುರದ, ಬೀರೂರಿನ ಅಮೃತಮಹಲ್ ಎತ್ತುಗಳನ್ನು ನೋಡಿದ್ದೀರಲ್ಲ? ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನ್ನುತ್ತಿದ್ದ ಇಲಾಖೆಯ ದನ. ಹೈದರನ ಫಿರಂಗಿ ಎಳೆದದ್ದು ಅವೇ, ಟಿಪ್ಪುವಿನ ಫಿರಂಗಿ ಎಳೆದದ್ದು ಅವೇ, ಟಿಪ್ಪು ಸತ್ತ ಮೇಲೆ ಬ್ರಿಟಿಷರ ಫಿರಂಗಿ ಎಳೆದದ್ದೂ ಅವೇ. ಒಡೆಯ ಬದಲಾದ, ನೊಗ ಬದಲಾಗಲಿಲ್ಲ. ಎತ್ತನ್ನು ಯಾರು ಕೇಳುತ್ತಾರೆ? ಆದರೆ ನಾವು ಎತ್ತುಗಳಲ್ಲ. ನಮಗೆ ಬಾಯಿದೆ, ವೋಟಿದೆ, ಬಾಬಾಸಾಹೇಬರು ಬರೆದುಕೊಟ್ಟ ಸಂವಿಧಾನವಿದೆ.

ಬಾಬಾಸಾಹೇಬರ ಹೆಸರೆತ್ತಿದ ಮೇಲೆ ಇನ್ನೊಂದು ಮಾತು. ಗೋಡೆಯ ಮೇಲೆ ನೀಲಿ ಕೋಟಿನ ಫೋಟೋ ಹಾಕಿಕೊಂಡ ನಾವು, ಮಂತ್ರಿಪದವಿಗೆ ರಾಜೀನಾಮೆ ಕೊಟ್ಟು 1951ರ ಅಕ್ಟೋಬರ್ 10ರಂದು ಅವರು ಕೊಟ್ಟ ಹೇಳಿಕೆಯನ್ನು ಓದಿದ್ದೇವೆಯೇ? ಹಿಂದೂ ಕೋಡ್ ಬಿಲ್ಲಿನ ಮಾತು ಮಾತ್ರ ನಮಗೆ ನೆನಪಿದೆ. ಅದೇ ಹೇಳಿಕೆಯಲ್ಲಿ ಅವರು ದೇಶದ ವಿದೇಶಾಂಗ ನೀತಿಯ ಲೆಕ್ಕ ಕೇಳಿದ್ದರು. ವರ್ಷಕ್ಕೆ ಎತ್ತುವ 350 ಕೋಟಿ ಕಂದಾಯದಲ್ಲಿ ಸುಮಾರು 180 ಕೋಟಿ ಸೈನ್ಯಕ್ಕೇ ಹೋಗುತ್ತಿದೆ, ಇದು ಸ್ನೇಹಿತರಿಲ್ಲದ ನೀತಿಯ ಫಲ ಎಂದಿದ್ದರು. ಅವರೇನು ಸೈನ್ಯದ ವೈರಿಯೇ? ನಮ್ಮ ಜನಕ್ಕೆ ಸೈನ್ಯದ ಬಾಗಿಲು ತೆರೆಯಿರಿ ಎಂದು ಹೋರಾಡಿದವರು. 1941ರಲ್ಲಿ ಮಹಾರ್ ರೆಜಿಮೆಂಟು ಎದ್ದು ನಿಂತದ್ದರ ಹಿಂದೆ ಅವರ ದನಿಯೂ ಇತ್ತು. ಸೈನಿಕನನ್ನು ಗೌರವಿಸುವುದು ಬೇರೆ, ಅವನನ್ನು ಕಳಿಸುವವರ ಲೆಕ್ಕ ಕೇಳುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಿದವರು ನಮ್ಮ ಬಾಬಾಸಾಹೇಬರು. ಹಾಗಾದರೆ ಲೆಕ್ಕ ಕೇಳುವವನು ದೇಶದ್ರೋಹಿ ಹೇಗಾದಾನು?

ಕಾಗದ ಬರೆದರೆ ಯುದ್ಧ ನಿಲ್ಲುತ್ತದೆಯೇ ಎಂದು ನಗುವವರಿದ್ದಾರೆ. ಪ್ರತಿಸಲ ನಿಲ್ಲುವುದಿಲ್ಲ. 2003ರ ಫೆಬ್ರವರಿ 15ರಂದು ಲಂಡನ್ನಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ಇರಾಕ್ ಯುದ್ಧ ಬೇಡ ಎಂದು ನಡೆದರು. ಆದರೂ ಮಾರ್ಚ್ 18ರಂದು ಬ್ರಿಟಿಷ್ ಪಾರ್ಲಿಮೆಂಟು 412ಕ್ಕೆ 149 ವೋಟಿನಿಂದ ಯುದ್ಧಕ್ಕೆ ಒಪ್ಪಿತು. ಸೋತರು. ಆದರೆ ಆ ನಡಿಗೆ ಮಣ್ಣಾಗಲಿಲ್ಲ. 2013ರ ಆಗಸ್ಟ್ 29ರಂದು ಸಿರಿಯಾದ ಮೇಲೆ ದಾಳಿಯ ಪ್ರಶ್ನೆ ಬಂದಾಗ ಇರಾಕಿನ ಸುಳ್ಳನ್ನು ಮರೆಯದ ಅದೇ ಪಾರ್ಲಿಮೆಂಟು 285ಕ್ಕೆ 272 ವೋಟಿನಿಂದ ಬೇಡ ಎಂದಿತು. ನಮ್ಮ ಲೋಕಸಭೆಯೂ 2003ರ ಏಪ್ರಿಲ್ 8ರಂದು ಇರಾಕ್ ಯುದ್ಧವನ್ನು ನಿಂದಿಸಿ ನಿರ್ಣಯ ಮಾಡಿತು. ಸೈನ್ಯ ಕಳಿಸಿ ಎಂದು ಅಮೆರಿಕ ಕೇಳುತ್ತಿತ್ತು. ಜುಲೈ 14ರಂದು ನಮ್ಮ ಸರ್ಕಾರ ಆಗುವುದಿಲ್ಲ ಎಂದಿತು. ಆವತ್ತು ಬೀದಿಯಲ್ಲೂ ಸಭೆಯಲ್ಲೂ ಬೇಡವೆಂಬ ದನಿ ಇತ್ತು ಎಂಬುದನ್ನು ಮರೆಯಬೇಡಿ. ಅಂದು ಹೋಗದೆ ಉಳಿದ ಹುಡುಗರಲ್ಲಿ ನಮ್ಮ ಕೇರಿಗಳವರೂ ಇದ್ದಾರು.

ಇನ್ನೊಬ್ಬ ಹೆಣ್ಣುಮಗಳನ್ನು ನೆನೆಯಬೇಕು. 2001ರ ಸೆಪ್ಟೆಂಬರ್ 14ರಂದು ಅಮೆರಿಕದ ಕೆಳಮನೆಯಲ್ಲಿ 420 ಜನ ಯುದ್ಧದ ಅಧಿಕಾರಕ್ಕೆ ಕೈ ಎತ್ತಿದಾಗ ಒಬ್ಬಳೇ ಇಲ್ಲ ಎಂದಳು. ಬಾರ್ಬರಾ ಲೀ, ಕಪ್ಪು ಹೆಂಗಸು. ಕೊಲ್ಲುತ್ತೇವೆಂದು ಕಾಗದಗಳು ಬಂದವು. ಅವಳ ಕ್ಷೇತ್ರದ ಜನ ಅವಳನ್ನು ಮತ್ತೆ ಮತ್ತೆ ಗೆಲ್ಲಿಸಿದರು. ಅಫ್ಘಾನಿಸ್ತಾನದ ಆ ಯುದ್ಧ 20 ವರ್ಷ ನಡೆದು ತಾಲಿಬಾನಿನ ಕೈಗೇ ದೇಶ ಕೊಟ್ಟು ಮುಗಿಯಿತು. 420 ಜನ ತಪ್ಪಿದ್ದರು, ಒಬ್ಬಳು ಸರಿಯಿದ್ದಳು. ಅಂಥ ಒಬ್ಬರ ಬೆನ್ನಿಗೆ ನಿಲ್ಲುವ ಜನ ಕಡೂರಿನಲ್ಲಿ, ತರೀಕೆರೆಯಲ್ಲಿ ಇದ್ದೇವೆಯೇ? ಪ್ರಶ್ನೆ ಇದು.

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ದಾರಿಯೊಂದಿದೆ. ಲೋಕಸಭೆಗೆ ಯಾವ ಪ್ರಜೆಯೂ ಅರ್ಜಿ ಸಲ್ಲಿಸಬಹುದು. ಅದಕ್ಕೆಂದೇ ಅರ್ಜಿಗಳ ಸಮಿತಿಯಿದೆ. ಸಹಿ ಬಾರದವರ ಹೆಬ್ಬೆಟ್ಟು ನಡೆಯುತ್ತದೆ. ಸದಸ್ಯರೊಬ್ಬರು ಅದನ್ನು ಮಂಡಿಸುವುದಾದರೆ ಅವರ ಮೇಲುಸಹಿ ಬೇಕು. ಕನ್ನಡದಲ್ಲಿ ಬರೆದರೆ ಹಿಂದಿ ಇಲ್ಲವೇ ಇಂಗ್ಲಿಷ್ ಅನುವಾದ ಲಗತ್ತಿಸಬೇಕಂತೆ! ದೊಡ್ಡವ್ವನ ಸಂಕಟಕ್ಕೂ ಡೆಲ್ಲಿಯಲ್ಲಿ ದುಭಾಷಿ ಬೇಕು. ಇರಲಿ, ನಾವು ನಾಲ್ಕಕ್ಷರ ಕಲಿತದ್ದು ಅದಕ್ಕಲ್ಲದೆ ಇನ್ಯಾತಕ್ಕೆ?

ಆದರೆ ಯುದ್ಧ ಬಾಗಿಲಿಗೆ ಬಂದ ಮೇಲೆ ಬರೆಯಹೊರಟರೆ ನನ್ನ ಗತಿಯೇ ನಿಮಗೂ. ಈಗಲೇ ಬರೆಯಿರಿ. ಕೇಳುವುದು ಇಷ್ಟೇ: ಯುದ್ಧಕ್ಕೆ ಮುಂಚೆ ಪಾರ್ಲಿಮೆಂಟು ಕೂರಲಿ. ಮಾತುಕತೆಯ ದಾರಿಗಳೆಲ್ಲ ಮುಗಿದವೇ ಎಂದು ಸರ್ಕಾರ ಅಲ್ಲಿ ಹೇಳಲಿ. ನಮ್ಮ ಎಂ.ಪಿ. ಎದ್ದು ನಿಂತು ಬೇಕು ಅಥವಾ ಬೇಡ ಎನ್ನಲಿ, ಅದು ಹೆಸರಿನ ಸಮೇತ ದಾಖಲಾಗಲಿ. ಇದನ್ನು ಮಾಡುತ್ತೀರಾ ಎಂದು ವೋಟು ಕೇಳಲು ಬಂದ ಪ್ರತಿಯೊಬ್ಬನನ್ನೂ ಕೇರಿಯ ಬಾಯಲ್ಲಿ ನಿಲ್ಲಿಸಿ ಕೇಳಿ.

ನನ್ನ ಟ್ರಂಕಿನ ಕಾಗದ ತೆಗೆದಿದ್ದೇನೆ. ತಾರೀಖು ಹೊಡೆದುಹಾಕಿದ್ದೇನೆ. ದೊಡ್ಡವ್ವನ ಹೆಬ್ಬೆಟ್ಟಿನ ಶಾಯಿ ಇನ್ನೂ ಮಾಸಿಲ್ಲ. ಅದರ ಕೆಳಗೆ ಜಾಗ ಬಹಳ ಇದೆ. ಬನ್ನಿ.